ಯಾವತ್ತು ಬಿಡ್ತಾರ್ರೀ?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಹೇಳಿದರು. ಅವರ ಕಾಲದಲ್ಲಿ ಓಣಿಗೊಂದು ನರ್ಸಿಂಗ್ ಹೋಮ್ ಇರಲಿಲ್ಲ. ಇದ್ದಿದ್ದರೆ 'ಡಿಸ್‌ಚಾರ್ಜ್ ಮಾಡಿಸಿ ನೋಡು' ಎಂದು ಮೂರನೆಯದನ್ನೂ ಖಂಡಿತ ಸೇರಿಸುತ್ತಿದ್ದರು. ಆಸ್ಪತ್ರೆಗೆ ಸೇರುವುದು ಈಗ ಮೊದಲಿನಷ್ಟು ಕಷ್ಟವಲ್ಲ. 2008ರಿಂದ ನಮ್ಮ ರಾಜ್ಯದಲ್ಲಿ 108 ಇದೆ, ಫೋನು ಮಾಡಿದರೆ ಗಾಡಿ ಬರುತ್ತದೆ. ಆದರೆ ಹೊರಗೆ ಬರುವ ದಾರಿ? ಚಕ್ರವ್ಯೂಹದ ಒಳಕ್ಕೆ ಹೋಗಲು ಮಾತ್ರ ಬಲ್ಲ ಅಭಿಮನ್ಯುವಿನ ಕಥೆಯನ್ನು ಮಕ್ಕಳಿಗೆ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಅದು ನನಗೆ ಪೂರ್ತಿ ಅರ್ಥವಾದದ್ದು ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಕೂತಾಗ.

ಯಾವ ವಾರ್ಡಿಗೆ ಬೇಕಾದರೂ ಹೋಗಿ ನೋಡಿ, ಅಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ರೋಗದ್ದಲ್ಲ. 'ಯಾವತ್ತು ಬಿಡ್ತಾರ್ರೀ, ಸಿಸ್ಟರ್?' ಎಂಬುದು. ಉತ್ತರವೂ ಎಲ್ಲ ಕಡೆ ಒಂದೇ: 'ಡಾಕ್ಟ್ರು ಬರ್ಲಿ ಇರಮ್ಮ.' ಡಾಕ್ಟರು ಬರುತ್ತಾರೆ, ಚೀಟಿ ನೋಡುತ್ತಾರೆ, 'ನೋಡೋಣ' ಎನ್ನುತ್ತಾರೆ, ಹೋಗುತ್ತಾರೆ. ಹೀಗೆ ನಾಲ್ಕು ದಿನ 'ನೋಡೋಣ' ಆದ ಮೇಲೆ ಐದನೆಯ ದಿನ ಇದ್ದಕ್ಕಿದ್ದಂತೆ 'ಇವತ್ತು ಕರಕೊಂಡು ಹೋಗಿ' ಎಂಬ ಅಪ್ಪಣೆಯಾಗುತ್ತದೆ. ಆಮೇಲೆ ಶುರುವಾಗುತ್ತದೆ ಓಡಾಟ. ಬೆಳಿಗ್ಗೆ ಹತ್ತಕ್ಕೆ ಬಿಟ್ಟ ರೋಗಿ ಬಾಗಿಲು ದಾಟುವಾಗ ದೀಪ ಹಚ್ಚುವ ಹೊತ್ತು.

ಹೊಸಪೇಟೆ 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಅಂದಿನಿಂದ ನಾವೆಲ್ಲ ಕೇಳುತ್ತಿರುವುದು ಒಂದೇ, ಇನ್ನಷ್ಟು ಹಾಸಿಗೆ ಕೊಡಿ, ಇನ್ನಷ್ಟು ಕಟ್ಟಡ ಕಟ್ಟಿ ಎಂದು. ಬೇಡ ಎನ್ನಲು ನಾನು ಹುಚ್ಚಿಯಲ್ಲ. ಆದರೆ ಇರುವ ಹಾಸಿಗೆಯನ್ನು ಹೇಗೆ ಬಳಸುತ್ತಿದ್ದೇವೆ ಎಂದು ಕೇಳುವವರು ಯಾರು? ಏಳನೇ ತರಗತಿಯ ಲೆಕ್ಕ ಸಾಕು ಇದಕ್ಕೆ. ಒಂದು ವಾರ್ಡಿನಲ್ಲಿ 30 ಹಾಸಿಗೆ ಇವೆ, ಒಬ್ಬ ರೋಗಿ ಸರಾಸರಿ 6 ದಿನ ಇರುತ್ತಾನೆ ಎಂದಿಟ್ಟುಕೊಳ್ಳಿ. ದಿನಕ್ಕೆ 5 ಮಂದಿ ಹೊರಗೆ, 5 ಮಂದಿ ಒಳಗೆ. ತಿಂಗಳಿಗೆ 150 ಜನ. ಈಗ ಪ್ರತಿಯೊಬ್ಬರೂ ಯಾವುದೋ ರಿಪೋರ್ಟಿಗೆ, ಯಾವುದೋ ಸಹಿಗೆ ಕಾದು ಒಂದು ದಿನ ಹೆಚ್ಚು ಮಲಗಿದರು ಅನ್ನಿ. ಅದೇ ವಾರ್ಡಿನಲ್ಲಿ ತಿಂಗಳಿಗೆ 128 ಜನರಿಗಷ್ಟೇ ಜಾಗ. ಉಳಿದ 22 ಮಂದಿ ಎಲ್ಲಿಗೆ ಹೋಗಬೇಕು? ಒಬ್ಬರು ನೆಲದ ಮೇಲೆ, ಒಬ್ಬರು ವರಾಂಡದಲ್ಲಿ, ಮತ್ತೊಬ್ಬರು 60 ಕಿಲೋಮೀಟರ್ ದೂರದ ಬಳ್ಳಾರಿಗೆ. ಆ ಒಂದು ದಿನವನ್ನು ಉಳಿಸಿದರೆ, ಒಂದು ಇಟ್ಟಿಗೆ ಇಡದೆ, ಐದು ಹೊಸ ಹಾಸಿಗೆ ಸಿಕ್ಕಂತೆ. ಬೆಳಿಗ್ಗೆ ಹತ್ತಕ್ಕೆ ಬಿಟ್ಟವರು ಸಂಜೆ ಆರಕ್ಕೆ ಎದ್ದರೆ ಐದು ಹಾಸಿಗೆಗಳು ಎಂಟೆಂಟು ಗಂಟೆ ವ್ಯರ್ಥ, ಅಂದರೆ ದಿನಕ್ಕೆ 40 ಗಂಟೆ. ಅಷ್ಟರಲ್ಲಿ ಕೆಳಗೆ ತುರ್ತು ವಿಭಾಗದಲ್ಲಿ ಸ್ಟ್ರೆಚರಿನ ಮೇಲೆ ಯಾರ ತಾಯಿಯೋ ನರಳುತ್ತಿರುತ್ತಾಳೆ.

ಹಂಪಿಯ ಯಾವ ಸಣ್ಣ ಲಾಡ್ಜಿಗೆ ಹೋದರೂ ರೂಮು ಎಷ್ಟು ಗಂಟೆಗೆ ಖಾಲಿ ಮಾಡಬೇಕೆಂದು ಮೊದಲೇ ಹೇಳುತ್ತಾರೆ. ಎಷ್ಟು ದಿನ ಇರುತ್ತೀರಿ ಎಂದು ಪುಸ್ತಕದಲ್ಲಿ ಬರೆಸಿಕೊಳ್ಳುತ್ತಾರೆ. ಲಾಡ್ಜಿನವರಿಗಿರುವ ಈ ಜ್ಞಾನ ಆಸ್ಪತ್ರೆಯವರಿಗೆ ಬೇಡವೆ? ರೋಗಿ ಪ್ರವಾಸಿಯಲ್ಲ, ನಿಜ. ಹಾಗಿದ್ದರೆ ಇನ್ನೊಂದು ಹೋಲಿಕೆ ನೋಡೋಣ. ತುಂಗಭದ್ರೆಯ ಮಗ್ಗುಲಲ್ಲಿ ಬದುಕುವ ನಾವು ಮಳೆಗಾಲದಲ್ಲಿ ಪತ್ರಿಕೆ ಬಿಡಿಸಿದ ಕೂಡಲೇ ನೋಡುವುದು ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬುದನ್ನು. ಎಂಜಿನಿಯರರು ನೀರು ಬಿಡುವುದಕ್ಕೂ ಡಿಸ್‌ಚಾರ್ಜ್ ಎಂದೇ ಹೇಳುತ್ತಾರೆ. ಮೇಲೆ ಮಲೆನಾಡಿನಲ್ಲಿ ಮಳೆಯಾದ ಸುದ್ದಿ ಬಂದಾಗಲೇ ಇಲ್ಲಿ ಎಷ್ಟು ಬಿಡಬೇಕೆಂದು ಲೆಕ್ಕ ಹಾಕುತ್ತಾರೆ. ಬಿಡುವ ಮೊದಲು ನದಿಪಾತ್ರದ ಊರುಗಳಿಗೆ ಎಚ್ಚರಿಕೆ ಕೊಡುತ್ತಾರೆ. ಇಲ್ಲದಿದ್ದರೆ ಏನಾಗುತ್ತದೆಂದು 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದ ರಾತ್ರಿ ನಮ್ಮ ಕಡೆಯವರೆಲ್ಲ ಎದೆ ಹಿಡಿದುಕೊಂಡು ಯೋಚಿಸಿದ್ದೇವೆ. ಮಳೆಯೂ ರೋಗದಂತೆಯೇ, ಹೇಳಿ ಕೇಳಿ ಬರುವುದಿಲ್ಲ. ಆದರೂ ಅಣೆಕಟ್ಟಿಗೆ ಲೆಕ್ಕವಿದೆ, ವಾರ್ಡಿಗಿಲ್ಲ. ಅಣೆಕಟ್ಟೆಯ ಕೆಳಗಿನ ಊರಿಗೆ ಮುನ್ಸೂಚನೆಯಿದೆ, ಆಸ್ಪತ್ರೆಯ ಕೆಳಗಿನ ಮನೆಗಿಲ್ಲ.

ಆ ಮನೆ ಎಂದರೆ ಯಾರು? ನನ್ನ ತಕರಾರು ಇರುವುದು ಇಲ್ಲಿಯೇ. ಕೆಲವು ವರ್ಷಗಳ ಹಿಂದೆ ನಮ್ಮ ಅತ್ತೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು, ಅದರ ಬಗ್ಗೆ ನನ್ನ ದೂರಿಲ್ಲ. ಆರನೆಯ ದಿನ ಬೆಳಿಗ್ಗೆ 'ಇವತ್ತು ಹೊರಡಬಹುದು' ಎಂದರು. ಶಾಲೆಗೆ ರಜೆ ಚೀಟಿ ಕಳಿಸಿ ಕಾದೆ. ಡಿಸ್‌ಚಾರ್ಜ್ ಚೀಟಿ ಟೈಪಾಗಬೇಕು, ಉಳಿದ ಔಷಧಿ ಮೆಡಿಕಲ್ ಶಾಪಿಗೆ ಹಿಂತಿರುಗಿಸಬೇಕು, ಬಿಲ್ಲು ಆಗಬೇಕು, ಅದಕ್ಕೆ ವಿಮೆಯವರ ಒಪ್ಪಿಗೆ ಬರಬೇಕು. ಒಂದು ಮುಗಿಯದೆ ಇನ್ನೊಂದು ಶುರುವಾಗದು. ಮನೆಗೆ ಬಂದಾಗ ರಾತ್ರಿ ಎಂಟು. ಮುರಿದ ಸೊಂಟದ ಮುದುಕಿಯನ್ನು ಕೂರಿಸಲು ನಮ್ಮ ಮನೆಯಲ್ಲಿ ಇದ್ದದ್ದು ಹಿತ್ತಲಿನ, ಎರಡು ಮೆಟ್ಟಿಲು ಇಳಿದು ಕುಕ್ಕರಗಾಲಿನಲ್ಲಿ ಕೂರುವ ಪಾಯಿಖಾನೆ! ಆರು ದಿನದಲ್ಲಿ ಒಬ್ಬರೇ ಒಬ್ಬರು 'ನಿಮ್ಮ ಮನೆಯಲ್ಲಿ ಪಾಯಿಖಾನೆ ಎಂಥದಮ್ಮ?' ಎಂದು ಕೇಳಿರಲಿಲ್ಲ. ಎರಡನೆಯ ದಿನವೇ ಕೇಳಿದ್ದರೆ ತೂತಿನ ಕುರ್ಚಿ ತಂದಿಟ್ಟುಕೊಳ್ಳಲು ನಮಗೆ ನಾಲ್ಕು ದಿನ ಇರುತ್ತಿತ್ತು. ಆ ರಾತ್ರಿ ಅತ್ತೆ ನೀರು ಕುಡಿಯಲೇ ಒಪ್ಪಲಿಲ್ಲ. 'ಕುಡಿದರೆ ಎದ್ದೇಳಬೇಕಲ್ಲವ್ವ' ಎಂದರು. ಮಗ್ಗುಲು ಹೇಗೆ ಬದಲಿಸಬೇಕು, ಎಬ್ಬಿಸುವಾಗ ಕಾಲು ಹೇಗೆ ಹಿಡಿಯಬೇಕು ಎಂದು ತೋರಿಸಿಕೊಟ್ಟವರೂ ಇಲ್ಲ. ನಾಲ್ಕೇ ದಿನದಲ್ಲಿ ಬೆನ್ನ ಕೆಳಗೆ ಹುಣ್ಣಾಯಿತು. ಮತ್ತೆ ಆಸ್ಪತ್ರೆ, ಮತ್ತೆ ಬಿಲ್ಲು.

ನಮ್ಮದು ಪೇಟೆಯ ಮನೆ, ಕೈಯಲ್ಲಿ ನೌಕರಿ ಇತ್ತು. ಸಂಡೂರು ತಾಲ್ಲೂಕಿನ ತಾಂಡಾದಿಂದ, ಕಂಪ್ಲಿ ಕಡೆಯ ಗದ್ದೆ ಬಯಲಿನಿಂದ ಬಂದವರ ಪಾಡೇನು? ಎರಡೂ ಊರು ಈಗ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ, ಆದರೆ ಹೊಸಪೇಟೆ ಅವರಿಗೆ ಸುಮಾರು 30 ಕಿಲೋಮೀಟರ್. ಹತ್ತಿರವಾದ್ದರಿಂದ ಎಷ್ಟೋ ಜನ ಇಲ್ಲಿಗೇ ಬರುತ್ತಾರೆ. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ. ಆದರೆ ಸಂಜೆ ಆರಕ್ಕೆ ಬಿಟ್ಟರೆ ಆ ಉಚಿತ ಬಸ್ಸು ಯಾವ ಉಪಯೋಗಕ್ಕೆ? ಹಳ್ಳಿಯ ಕೊನೆಯ ಬಸ್ಸು ಹೋಗಿರುತ್ತದೆ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಬಸ್ ನಿಲ್ದಾಣದಲ್ಲಿ ರಾತ್ರಿ ಕಳೆಯಬೇಕು, ಇಲ್ಲವೆ ಬಾಡಿಗೆ ಗಾಡಿ ಮಾಡಿಕೊಂಡು ಅದಿರು ಲಾರಿಗಳ ಹಿಂದೆ ದೂಳು ಕುಡಿಯುತ್ತ ಹೋಗಬೇಕು. ಮಳೆಗಾಲದಲ್ಲಿ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ-ಗಂಗಾವತಿ ನಡುವಿನ ಸೇತುವೆ ಮುಳುಗಿ ಹೊಳೆಯಾಚೆಯವರಿಗೆ ಆ ದಾರಿಯೇ ಇರುವುದಿಲ್ಲ. ಇದು ಡಾಕ್ಟರಿಗೆ ಗೊತ್ತಿರಬೇಕಾಗಿಲ್ಲ, ಸರಿ. ಆದರೆ 'ನಿಮ್ಮೂರಿಗೆ ಬಸ್ಸು ಎಷ್ಟು ಹೊತ್ತಿಗೆ?' ಎಂದು ಯಾರಾದರೂ ಒಬ್ಬರು ಕೇಳಬಹುದಲ್ಲ?

ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳ ನಿಯಮಾವಳಿ ಓದಿದ್ದೇನೆ. ಸೇರಿದ ರೋಗಿಗೆಲ್ಲ ಮನೆಗೆ ಹೋಗುವ ಅಂದಾಜು ದಿನ ಗುರುತು ಮಾಡಬೇಕು. ಆ ದಿನ ಹೊರಡುವವರಲ್ಲಿ ಮೂರನೆಯ ಒಂದು ಭಾಗದಷ್ಟಾದರೂ ಮಧ್ಯಾಹ್ನದೊಳಗೆ ಹೊರಡಬೇಕು ಎಂದಿದೆ. ಪ್ರತಿ ರೋಗಿಗೂ ನಾಲ್ಕು ಪ್ರಶ್ನೆಗಳ ಉತ್ತರ ಗೊತ್ತಿರಬೇಕಂತೆ: ನನಗೇನಾಗಿದೆ? ಇವತ್ತು ಏನು ಮಾಡುತ್ತಾರೆ? ಮನೆಗೆ ಹೋಗಲು ನಾನು ಎಷ್ಟು ಚೇತರಿಸಿಕೊಂಡಿರಬೇಕು? ಯಾವತ್ತು ಹೋಗುತ್ತೇನೆ? ನಮ್ಮ ಹೆಂಗಸರು ವರಾಂಡದಲ್ಲಿ ಕೇಳುವುದೂ ಇವನ್ನೇ, ಅಲ್ಲಿ ಅದು ನಿಯಮ, ಇಲ್ಲಿ ಅದು ತಲೆಹರಟೆ. ಹಾಗೆಂದು ಅಲ್ಲಿ ಎಲ್ಲ ಸರಿಯಿದೆ ಎಂದಲ್ಲ. ಅಲ್ಲಿಯೂ ಗುಣವಾದ ಮುದುಕರು ಎಷ್ಟೋ ದಿನ ಹಾಸಿಗೆ ಬಿಡಲಾಗದೆ ಇರುತ್ತಾರೆ. ಮನೆಯಲ್ಲಿ ನೋಡಿಕೊಳ್ಳುವವರು ಸಿಗುವುದಿಲ್ಲ. ಅಲ್ಲಿ ಅದು ಪಾರ್ಲಿಮೆಂಟಿನಲ್ಲಿ ಚರ್ಚೆಯಾಗುವ ವಿಷಯ. ನಮ್ಮಲ್ಲಿ 'ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ?' ಎಂಬ ಪ್ರಶ್ನೆಯೇ ಏಳುವುದಿಲ್ಲ. ಉತ್ತರ ಎಲ್ಲರಿಗೂ ಗೊತ್ತಿದೆಯಲ್ಲ, ಸೊಸೆ ಇದ್ದಾಳೆ, ಮಗಳಿದ್ದಾಳೆ, ಹೆಂಡತಿ ಇದ್ದಾಳೆ! ಸಂಬಳ ಕೇಳದ, ರಜೆ ಕೇಳದ, ತರಬೇತಿಯನ್ನೂ ಕೇಳದ ನರ್ಸುಗಳು ನಾವು. ವಾರ್ಡಿನಲ್ಲಿ ಮೂರು ಪಾಳಿಯವರು ಸೇರಿ ಮಾಡುವ ಕೆಲಸವನ್ನು ಒಂದು ಚೀಟಿಯ ಮೂಲಕ ಒಬ್ಬಳ ತಲೆಗೆ ಕಟ್ಟುವುದಕ್ಕೆ ಡಿಸ್‌ಚಾರ್ಜ್ ಎಂದು ಹೆಸರು.

ಆ ಚೀಟಿಯನ್ನಾದರೂ ಅವಳು ಓದಬಲ್ಲಳೆ? ನಮ್ಮ ಬೀದಿಯಲ್ಲಿ ಯಾರು ಆಸ್ಪತ್ರೆಯಿಂದ ಬಂದರೂ ಮಾರನೆಯ ದಿನ ಆ ಚೀಟಿ ನನ್ನ ಕೈಗೆ ಬರುತ್ತದೆ: 'ಟೀಚರ್, ಇದೇನು ಬರದಾರ ನೋಡ್ರೀ.' ಬಿ.ಡಿ. ಎಂದರೆ ದಿನಕ್ಕೆ ಎರಡು ಸಲ, ಟಿ.ಡಿ.ಎಸ್. ಎಂದರೆ ಮೂರು ಸಲ, ಎಚ್.ಎಸ್. ಎಂದರೆ ಮಲಗುವಾಗ. ಇದು ಇಂಗ್ಲಿಷ್ ಕೂಡ ಅಲ್ಲ, ಲ್ಯಾಟಿನ್. ರೋಮನ್ನರು ಆಡಿ ಬಿಟ್ಟ ಭಾಷೆಯಲ್ಲಿ ಕಂಪ್ಲಿಯ ಹೆಣ್ಣುಮಗಳಿಗೆ ಬಿ.ಪಿ. ಮಾತ್ರೆಯ ಹೊತ್ತು ಹೇಳುತ್ತಿದ್ದೇವೆ! ಔಷಧಿಯ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕೆಂದು ವೈದ್ಯರ ನಡವಳಿಕೆಯ ನಿಯಮಕ್ಕೆ 2016ರಲ್ಲಿ ತಿದ್ದುಪಡಿ ಬಂದಿದೆ. ಕನ್ನಡದಲ್ಲಿ ನಾಲ್ಕು ಸಾಲು ಬರೆಯಬೇಡಿ ಎಂದು ಯಾವ ನಿಯಮವೂ ಹೇಳಿಲ್ಲ.

ಬಿ.ಎಡ್. ಓದುವಾಗ ನಮಗೆ ಪಾಠ ಯೋಜನೆ ಬರೆಸುತ್ತಿದ್ದರು. ಗಂಟೆ ಹೊಡೆಯುವ ಮೊದಲೇ, ಪಾಠ ಮುಗಿಯುವಾಗ ಮಗುವಿಗೆ ಏನು ಬಂದಿರಬೇಕು ಎಂದು ಬರೆದು ತೋರಿಸಬೇಕು. ಬರೆಯದೆ ತರಗತಿಗೆ ಹೋಗುವಂತಿಲ್ಲ. ಪಾಠ ಮಾಡಿದ ಮೇಲೆ 'ಅರ್ಥವಾಯಿತೆ?' ಎಂದು ಕೇಳುವವಳು ಟೀಚರಲ್ಲ, ಎಲ್ಲ ಮಕ್ಕಳೂ 'ಹೂಂ' ಎನ್ನುತ್ತಾರೆ. ಮಗುವಿನಿಂದ ಮರಳಿ ಹೇಳಿಸಬೇಕು, ಮಾಡಿಸಿ ನೋಡಬೇಕು. ಆಸ್ಪತ್ರೆಯಲ್ಲಿ ಇನ್ಸುಲಿನ್ ಚುಚ್ಚುವುದನ್ನು ಹೊರಡುವ ಗಡಿಬಿಡಿಯಲ್ಲಿ ಎರಡು ನಿಮಿಷ ತೋರಿಸಿ 'ಗೊತ್ತಾಯ್ತಲ್ಲಮ್ಮ?' ಎನ್ನುತ್ತಾರೆ. ಅವಳು 'ಹೂಂ' ಎನ್ನುತ್ತಾಳೆ. ಇರುವ ಐದಾರು ದಿನವೂ ಅವಳು ಅಲ್ಲಿಯೇ, ರೋಗಿಯ ಮಂಚದ ಕೆಳಗೇ ಮಲಗಿರುತ್ತಾಳೆ. ದಿನಕ್ಕೊಂದು ಸಲ ಅವಳ ಕೈಯಿಂದಲೇ ಮಾಡಿಸಿದ್ದರೆ ಹೊರಡುವ ಹೊತ್ತಿಗೆ ಅವಳೇ ಇನ್ನೊಬ್ಬಳಿಗೆ ಕಲಿಸುತ್ತಿದ್ದಳು. ಇದು ನನ್ನ ಕನಸಲ್ಲ. ರೋಗಿಯ ಕಡೆಯವರಿಗೆ ವಾರ್ಡಿನಲ್ಲೇ ಆರೈಕೆಯ ಪಾಠ ಹೇಳುವ ನೂರಾ ಹೆಲ್ತ್ ಎಂಬ ಸಂಸ್ಥೆಯ ಕೆಲಸ ಮೊದಲು ಬೇರೂರಿದ್ದು ನಮ್ಮ ಕರ್ನಾಟಕದಲ್ಲೇ, ನಾರಾಯಣ ಹೃದಯಾಲಯದವರ ಆಸ್ಪತ್ರೆಗಳಲ್ಲಿ. ಆಮೇಲೆ ಅದು ಸರ್ಕಾರಿ ಆಸ್ಪತ್ರೆಗಳಿಗೂ ಬಂತು.

ಸರ್ಕಾರಕ್ಕೂ ಇದು ಗೊತ್ತಿಲ್ಲದ ವಿಷಯವಲ್ಲ. ಬಾಣಂತಿಯರ ಮಟ್ಟಿಗೆ ದಾರಿ ಹಾಕಿಕೊಟ್ಟಿದ್ದಾರೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್ನಿಗೆ 7 ದಿನ ಊಟ ಉಚಿತ. 48 ಗಂಟೆ ಉಳಿಸಿಕೊಂಡ ಮೇಲೆ ಮನೆಗೆ ಬಿಡಲು ವಾಹನವೂ ಉಚಿತ. ನಮ್ಮಲ್ಲಿ ಅದಕ್ಕೆ 'ನಗು-ಮಗು' ಎಂದು ಚೆಂದದ ಹೆಸರಿಟ್ಟರು. ಮನೆಗೆ ಬಂದ ಮೇಲೆ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಎಷ್ಟು ದಿನ ಇರಬೇಕು, ಹೇಗೆ ಮನೆ ಸೇರಬೇಕು, ಆಮೇಲೆ ಯಾರು ಬಂದು ನೋಡಬೇಕು, ಮೂರೂ ಇಲ್ಲಿವೆ. ಎಲ್ಲ ಕಡೆ ಸರಿಯಾಗಿ ನಡೆಯುತ್ತದೆಯೆ ಎಂಬುದು ಬೇರೆ ಮಾತು. ನಡೆಯದಿದ್ದರೆ ತೋರಿಸಿ ಕೇಳಲು ಒಂದು ಕಾಗದವಾದರೂ ಇದೆ. ಹೆತ್ತವಳಿಗಿರುವ ಈ ವ್ಯವಸ್ಥೆ ಲಕ್ವ ಹೊಡೆದ ಗಂಡನನ್ನು, ಸೊಂಟ ಮುರಿದ ಅತ್ತೆಯನ್ನು ಕರೆದುಕೊಂಡು ಬರುವವಳಿಗೆ ಏಕಿಲ್ಲ?

ಹಣದ ವಿಷಯಕ್ಕೂ ಬರೋಣ. ಆರೋಗ್ಯ ವಿಮೆ ಇರುವವರು ನೆನಪಿಡಬೇಕಾದ ಒಂದು ಸಂಗತಿ ಇದೆ. ನಗದುರಹಿತ ಚಿಕಿತ್ಸೆಯಲ್ಲಿ ಆಸ್ಪತ್ರೆ ಬಿಡುಗಡೆಗೆ ಕೋರಿಕೆ ಕಳಿಸಿದ 3 ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು. ತಡಮಾಡಿದ್ದರಿಂದ ಹೆಚ್ಚಾದ ಖರ್ಚನ್ನು ಕಂಪನಿಯೇ ಹೊರಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಆದೇಶಿಸಿದೆ. ಆದ್ದರಿಂದ 'ಇನ್ನೂ ಅಪ್ರೂವಲ್ ಬಂದಿಲ್ಲ' ಎಂದಾಗ 'ಕಳಿಸಿದ್ದು ಎಷ್ಟು ಗಂಟೆಗೆ?' ಎಂದು ಕೇಳಿ. ಬಾಕಿಯ ಜಗಳಕ್ಕಾಗಿ ರೋಗಿಯನ್ನು ತಡೆದಿಡುವಂತಿಲ್ಲ ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಹೇಳುತ್ತದೆ. ದಾಖಲೆಗಳ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಿಯಮಾವಳಿಯಲ್ಲಿ 2002ರಿಂದಲೇ ಇದೆ.

ಎಲ್ಲ ತಪ್ಪನ್ನೂ ಆಸ್ಪತ್ರೆಯ ಮೇಲೆ ಹಾಕಿ ನಾವು ಮೈ ಕೊಡವಿಕೊಳ್ಳುವಂತೆಯೂ ಇಲ್ಲ. 'ಇವತ್ತು ಮಂಗಳವಾರ, ಹೆಣ್ಣುಮಗಳನ್ನ ಕಳಿಸಬ್ಯಾಡ್ರಿ', 'ನಾಳೆ ಅಮಾವಾಸ್ಯೆ, ನಾಡಿದ್ದು ಹೋಗ್ತೀವಿ', 'ರಾಹುಕಾಲ ಕಳೀಲಿ' ಎನ್ನುವವರು ನಾವೇ. ನಮ್ಮ ರಾಹುಕಾಲಕ್ಕೆ ತುರ್ತು ವಿಭಾಗದ ರೋಗಿ ಏಕೆ ಕಾಯಬೇಕು? ವಯಸ್ಸಾದವರನ್ನು 'ಇನ್ನೊಂದು ನಾಲ್ಕು ದಿನ ಇಲ್ಲೇ ಇರಲಿ, ಆರೈಕೆ ಆಗುತ್ತೆ' ಎಂದು ಬಿಡುವವರೂ ಇದ್ದಾರೆ. ಅದು ಆರೈಕೆಯಲ್ಲ. ಆರೋಗ್ಯವಾಗಿದ್ದ ವೃದ್ಧರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿ ಅಮೆರಿಕದಲ್ಲಿ ಪರೀಕ್ಷೆ ಮಾಡಿದ್ದರು. 2007ರಲ್ಲಿ ಅಲ್ಲಿನ ವೈದ್ಯಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಕಾಲುಗಳಲ್ಲೇ ಒಂದು ಕಿಲೋದಷ್ಟು ಮಾಂಸಖಂಡ ಕರಗಿತ್ತು. ನಡೆದುಕೊಂಡು ಬಂದ ಅಜ್ಜಿ ಹೊತ್ತುಕೊಂಡು ಹೋಗುವ ಸ್ಥಿತಿಗೆ ಬರಲು ಬೇರೆ ರೋಗ ಬೇಕಾಗಿಲ್ಲ, ಹಾಸಿಗೆಯೇ ಸಾಕು.

ನನ್ನ ಮಾತಿಗೆ ಡಾಕ್ಟರುಗಳು ಏನು ಹೇಳುತ್ತಾರೆಂದು ಬಲ್ಲೆ. 'ರೋಗಕ್ಕೆ ತಾರೀಖು ಇಡಲು ಆಗುತ್ತದೆಯೆ ಮೇಡಂ?' ಎನ್ನುತ್ತಾರೆ. ಅಂದಾಜು ಹೇಳಿ ಎನ್ನುತ್ತಿದ್ದೇನೆ, ಮುಚ್ಚಳಿಕೆ ಬರೆದುಕೊಡಿ ಎಂದಲ್ಲ. ಪರೀಕ್ಷೆಯ ವೇಳಾಪಟ್ಟಿಯೂ ಮಳೆ ಬಂದರೆ ಮುಂದಕ್ಕೆ ಹೋಗುತ್ತದೆ. ಹಾಗೆಂದು ವೇಳಾಪಟ್ಟಿಯನ್ನೇ ಹಾಕದೆ ಇರುತ್ತೇವೆಯೆ? 'ಸಿಬ್ಬಂದಿ ಇಲ್ಲ' ಎನ್ನುತ್ತಾರೆ. ನಿಜ, ನರ್ಸುಗಳ ಪಾಡು ನೋಡಿದರೆ ಮರುಕವಾಗುತ್ತದೆ. ಆದರೆ ಪ್ರತಿ ಮಂಚದಿಂದ ದಿನಕ್ಕೆ ಹತ್ತು ಸಲ 'ಯಾವತ್ತು ಬಿಡ್ತಾರೆ' ಎಂಬ ಪ್ರಶ್ನೆಗೆ ಉತ್ತರ ಹೇಳುವ ಶ್ರಮ, ಒಂದು ಸಲ ಬರೆದು ಹಾಕುವ ಶ್ರಮಕ್ಕಿಂತ ಕಡಿಮೆಯೆ? ನಾಳೆ ಹೊರಡುವವರ ಚೀಟಿ, ಬಿಲ್ಲು, ಔಷಧಿಯ ಕೆಲಸ ಇವತ್ತು ಸಂಜೆಯೇ ಮುಗಿಸಿಟ್ಟರೆ ನಾಳಿನ ಜಾತ್ರೆಯೂ ಇರುವುದಿಲ್ಲ. ಇನ್ನು ಕೆಲವರಿಗೆ ಬೇರೆ ಭಯ, ಹೀಗೆಲ್ಲ ದಿನ ಗೊತ್ತುಮಾಡಿದರೆ ಬಡವರನ್ನು ಗುಣವಾಗುವ ಮೊದಲೇ ಹೊರಗೆ ಹಾಕುತ್ತಾರೆ ಎಂದು. ಹೊರಗೆ ಹಾಕುವುದು ಈಗಲೂ ನಡೆದೇ ಇದೆ. ಹಣ ಮುಗಿದವರು, ಸುಗ್ಗಿ ಕಾದಿರುವವರು 'ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇವೆ' ಎಂದು ಹೆಬ್ಬೆಟ್ಟು ಒತ್ತಿ ಹೋಗುತ್ತಾರೆ. ಇನ್ನೆಷ್ಟು ದಿನ, ಇನ್ನೆಷ್ಟು ಖರ್ಚು ಎಂದು ಮೊದಲ ದಿನವೇ ತಿಳಿದಿದ್ದರೆ ಅವರಲ್ಲಿ ಕೆಲವರಾದರೂ ಸಾಲವೋ ಸೋಲವೋ ಮಾಡಿ ಉಳಿಯುತ್ತಿದ್ದರು. ಬೇಗ ಕಳಿಸಿ ಎಂದು ನಾನು ಕೇಳುತ್ತಿಲ್ಲ, ಹೇಳಿ ಕಳಿಸಿ ಎಂದು ಕೇಳುತ್ತಿದ್ದೇನೆ.

ಆಗಬೇಕಾದ್ದು ಬೆಟ್ಟದಷ್ಟಿಲ್ಲ. ಸೇರಿದ ಮಾರನೆಯ ದಿನದೊಳಗೆ ಮನೆಗೆ ಹೋಗುವ ಅಂದಾಜು ತಾರೀಖನ್ನು ಮಂಚದ ಮೇಲಿನ ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆಯಲಿ, ಬದಲಾದರೆ ಒರೆಸಿ ಬರೆಯಲಿ. ಮನೆಯಲ್ಲಿ ನೋಡಿಕೊಳ್ಳುವವರು ಯಾರೆಂದು ಕೇಳಿ, ಅವಳಿಗೆ ಕೈಹಿಡಿದು ಕಲಿಸಲಿ. ಬೆಳಗಿನ ಬಸ್ಸು ಸಿಗುವ ಹೊತ್ತಿಗೆ ಬಿಡಲಿ. ಮಾತ್ರೆ ಯಾವಾಗ, ಹೊಲಿಗೆ ಬಿಚ್ಚುವುದು ಎಂದು, ಏನಾದರೆ ತಕ್ಷಣ ಓಡಿ ಬರಬೇಕು, ಯಾರಿಗೆ ಫೋನು ಮಾಡಬೇಕು ಎಂಬ ನಾಲ್ಕು ಸಾಲು ಕನ್ನಡದಲ್ಲಿರಲಿ. ಆ ಚೀಟಿಯ ಒಂದು ಪ್ರತಿ ರೋಗಿಯ ಊರಿನ ಆಶಾ ಕೈಗೆ ತಲುಪಲಿ, ಆಸ್ಪತ್ರೆ ಯಾವ ಜಿಲ್ಲೆಯದು, ಊರು ಯಾವ ಜಿಲ್ಲೆಯದು ಎಂಬ ಭೇದ ಬೇಡ.

ಆಸ್ಪತ್ರೆಯವರು ತಾವಾಗಿಯೇ ಮಾಡಲಿ ಎಂದು ಕಾಯುತ್ತ ಕೂತರೆ ಆಗದು. ಓದು ಬಲ್ಲ ನಾವು, ಪೇಟೆಯಲ್ಲಿರುವ ನಾವು ಮೊದಲು ಬಾಯಿ ಬಿಡಬೇಕು. ಮುಂದೆ ಯಾರನ್ನಾದರೂ ಸೇರಿಸಿದಾಗ ಹಣ್ಣಿನ ಚೀಲದ ಜೊತೆ ಒಂದು ನೋಟ್‌ಬುಕ್ಕನ್ನೂ ಒಯ್ಯಿರಿ. ಮೊದಲ ದಿನವೇ ಡಾಕ್ಟರನ್ನು ನಿಲ್ಲಿಸಿ, ಮೆಲ್ಲಗೆ, ಆದರೆ ಬಿಡದೆ ಕೇಳಿ: ಅಂದಾಜು ಎಷ್ಟು ದಿನ? ಮನೆಯಲ್ಲಿ ಏನು ಸಿದ್ಧ ಮಾಡಿಕೊಳ್ಳಲಿ? ನನಗೆ ಏನು ಕಲಿಸುತ್ತೀರಿ? ಉತ್ತರವನ್ನು ಅವರ ಎದುರಿಗೇ ಬರೆದುಕೊಳ್ಳಿ. ಬರೆದುಕೊಳ್ಳುವ ಹೆಂಗಸಿಗೆ 'ನೋಡೋಣ' ಎಂದು ಹೇಳಿ ಹೋಗುವುದು ಅಷ್ಟು ಸುಲಭವಲ್ಲ. ಪಕ್ಕದ ಮಂಚದವಳಿಗೆ ಬರೆಯಲು ಬಾರದಿದ್ದರೆ ಅವಳದನ್ನೂ ನೀವೇ ಬರೆದುಕೊಡಿ.